ಹೆರಳೆ, ಕಂಚಿ, ಮಾದಲ: ತೋಟದಂಚಿನ ಹುಳಿಹಣ್ಣು ಬೆಳೆಯಾದೀತೇ?

ಪತ್ರದ ಸಾರ: ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ. ತೋಟದಂಚಿನಲ್ಲಿ, ಪಕ್ಕದ ಹುಲ್ಲುಜಾಗವಾದ ಬೇಣದಲ್ಲಿ ಹೆರಳೆ, ಕಂಚಿ, ಮಾದಲ ಎಂಬ ನಿಂಬೆ ಬಳಗದ ಎಂಟು ಮರಗಳಿವೆ, ಯಾವುದೂ ನೆಟ್ಟದ್ದಲ್ಲ. ಉಪ್ಪಿನಕಾಯಿಗೆ ಬೇಕಾದಷ್ಟು ಕೊಯ್ದು ಉಳಿದದ್ದು ಉದುರಿ ಕೊಳೆಯುತ್ತದೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ಒಂದು ಎಕರೆಗೆ ಇವನ್ನೇ ಹಾಕಿದರೆ ಹೇಗೆ ಎಂಬ ಯೋಚನೆ ಬಂದಿದೆ. ಬೀಜ ಹಾಕಬೇಕೋ, ಕಸಿ ಮಾಡಬೇಕೋ? ಬೆಳಿಗ್ಗೆ ಹಿಂಡಿಟ್ಟ ರಸ ಸಂಜೆಗೆ ಕಹಿಯಾದದ್ದು ಏಕೆ? ಕಾಡುನಿಂಬೆಯನ್ನೂ ಬೆಳೆಯಬಹುದೇ?

ಸಂಪಾದಕರ ಉತ್ತರ:

ಒಂದು ಎಕರೆ ಈಗಲೇ ಬೇಡ. ಹನ್ನೆರಡು ಗಿಡ ಸಾಕು, ಅದೂ ಎರಡು ಫಸಲು ನೋಡಿದ ಮೇಲೆ. ನಿಮ್ಮ ಪತ್ರದಲ್ಲಿ "ಹೆರಳೆ ಹಾಕಲೇ, ಕಂಚಿ ಹಾಕಲೇ" ಎಂದು ಕೇಳಿದ್ದೀರಿ. ಕೇಳಬೇಕಾದದ್ದು ಯಾವ ಜಾತಿ ಎಂದಲ್ಲ, ಆ ಎಂಟರಲ್ಲಿ ಯಾವ ಮರ ಎಂದು. ಹೊಳೆದಂಡೆಯ ಸಾವಿರಾರು ಕಾಡುಮಾವಿನ ಮರಗಳಲ್ಲಿ ಪರಿಮಳ, ಸೊನೆ, ತಾಳಿಕೆ ನೋಡಿ ಆರಿಸಿದ ಕೆಲವು ಮರಗಳಿಂದ ಕಸಿ ಕಟ್ಟಿದ್ದಕ್ಕೇ ಅಪ್ಪೆಮಿಡಿ ತೋಟಕ್ಕೆ ಬಂತು. ಹುಳಿಹಣ್ಣುಗಳಿಗೆ ಆ ಕೆಲಸ ಇನ್ನೂ ಸರಿಯಾಗಿ ಆಗಿಲ್ಲ. ಅವಕಾಶ ಇರುವುದೂ ಅಲ್ಲೇ.

ಹೆಸರು ನಂಬಿ ಹೊರಟರೆ ಮೋಸ ಹೋಗುತ್ತೀರಿ. ಒಂದು ಸೀಮೆಯ ಹೆರಳೆ ಇನ್ನೊಂದು ಸೀಮೆಯಲ್ಲಿ ದೊಡ್ಲಿಕಾಯಿ. ಒಂದೂರಿನ ಕಂಚಿಗೆ ಪಕ್ಕದೂರಿನವರು ಹೆರಳೆ ಎನ್ನುತ್ತಾರೆ. ಎಲೆ ನೋಡಿ. ಮಾದಲದ ಎಲೆಗೂ ತೊಟ್ಟಿಗೂ ನಡುವೆ ಗಂಟು ಇರುವುದಿಲ್ಲ, ತೊಟ್ಟಿನ ಬದಿಗೆ ಪುಟ್ಟ ಎಲೆಯಂಥ ರೆಕ್ಕೆಯೂ ಇಲ್ಲ. ಎಳೆ ಚಿಗುರು, ಮೊಗ್ಗು ನೇರಳೆ ಛಾಯೆಯವು. ಎಲೆತೊಟ್ಟಿನ ರೆಕ್ಕೆ ಅಗಲವಾಗಿದ್ದು ಹೂ ಅಚ್ಚಬಿಳಿಯಾಗಿ, ಬಲಿತ ಹಣ್ಣಿನ ನಡುವೆ ಟೊಳ್ಳಿದ್ದರೆ ಅದು ಹುಳಿಕಿತ್ತಳೆಯ ಬಳಗ. ರೆಕ್ಕೆ ಇನ್ನೂ ದೊಡ್ಡದಿದ್ದು ಎಳೆ ಕೊಂಬೆಯಲ್ಲಿ ನಯವಾದ ರೋಮವಿದ್ದರೆ ಚಕ್ಕೋತದ ರಕ್ತ ಬೆರೆತಿದೆ. ಉಬ್ಬುತಗ್ಗಿನ ಹಳದಿ ಸಿಪ್ಪೆ, ಕಿರಿದಾದ ರೆಕ್ಕೆ, ನೇರಳೆ ಮೊಗ್ಗು ಇದ್ದರೆ ಜಂಬೇರಿ ಇರಬಹುದು. ಜಂಬೇರಿಯ ವಿಷಯದಲ್ಲಿ ಒಂದು ಎಚ್ಚರಿಕೆ: ಹಳೆಯ ಕಿತ್ತಳೆ ತೋಟದ ಜಾಗದಲ್ಲಿ ನಿಂತಿರುವ "ಕಾಡು" ಮರ ಎಷ್ಟೋ ಸಲ ಕಾಡಿನದ್ದಲ್ಲ. ಮೇಲಿನ ಕಸಿ ಸತ್ತು, ಕೆಳಗೆ ಬೇರುಸಸಿಯಾಗಿದ್ದ ಜಂಬೇರಿ ಚಿಗುರಿ ಮರವಾದದ್ದು.

ಈ ಗೊಂದಲಕ್ಕೆ ಕಾರಣ ಇವುಗಳ ಹುಟ್ಟಿನಲ್ಲೇ ಇದೆ. 2018ರಲ್ಲಿ ಪ್ರಕಟವಾದ ಜೀನೋಮ್ (ಪೂರ್ತಿ ವಂಶವಾಹಿ) ಅಧ್ಯಯನದ ಪ್ರಕಾರ ನಿಂಬೆ, ಕಿತ್ತಳೆಗಳ ಸಿಟ್ರಸ್ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲು. ನಾವು ತಿನ್ನುವ ಹೆಚ್ಚಿನವು ಮಾದಲ, ಚಕ್ಕೋತ, ಮ್ಯಾಂಡರಿನ್ (ಸಲೀಸಾಗಿ ಸುಲಿಯುವ ಕಿತ್ತಳೆ) ಎಂಬ ಮೂರು ಮೂಲಗಳ ಬೆರಕೆ. ಹುಳಿಕಿತ್ತಳೆ ಎಂದರೆ ಚಕ್ಕೋತ ಮತ್ತು ಮ್ಯಾಂಡರಿನ್. ಅದಕ್ಕೆ ಮಾದಲ ಸೇರಿದ್ದು ಲೆಮನ್. ಮೇಘಾಲಯದ ಗಾರೋ ಬೆಟ್ಟಗಳ ನೋಕ್ರೆಕ್‌ನಲ್ಲಿ ನಿಜವಾದ ಕಾಡುಕಿತ್ತಳೆ ಇದೆ. ಅದಕ್ಕೆಂದೇ ಅಲ್ಲಿ ಸಿಟ್ರಸ್ ತಳಿಸಂರಕ್ಷಣಾ ತಾಣವಿದೆ. ನಿಮ್ಮ ಬೇಣದವು ಹೆಚ್ಚಾಗಿ ಮಿಶ್ರಸಂತಾನವೇ ಇರಬಹುದು. ಅದು ಕೊರತೆಯಲ್ಲ. ಒಂದೊಂದು ಮರವೂ ಬೇರೆಯಾಗಿರುವುದರಿಂದಲೇ ಆರಿಸಲು ಸಾಮಗ್ರಿ ಇದೆ.

ಬೀಜವೋ ಕಸಿಯೋ ಎಂಬುದಕ್ಕೆ ಬೀಜವೇ ಉತ್ತರ ಹೇಳುತ್ತದೆ. ಹತ್ತು ಹಸಿ ಬೀಜ ರಾತ್ರಿ ನೆನೆಹಾಕಿ. ಬೆಳಿಗ್ಗೆ ಮೇಲಿನ ಗಟ್ಟಿ ಸಿಪ್ಪೆ, ಒಳಗಿನ ಕಂದು ಪೊರೆ ಎರಡನ್ನೂ ಉಗುರಿನಿಂದ ಬಿಡಿಸಿ ಬೇಳೆಗಳನ್ನು ಮೆಲ್ಲಗೆ ಅಗಲಿಸಿ. ಎರಡೇ ಬೇಳೆ, ಒಂದೇ ಮೊಳಕೆಯಾದರೆ ಆ ಬೀಜ ತಾಯಿಯಂತೆ ಹುಟ್ಟುವ ಭರವಸೆಯಿಲ್ಲ. ಮಾದಲ, ಚಕ್ಕೋತ ಈ ಗುಂಪಿನವು. ಮಾದಲಕ್ಕೆ ಸಂಸ್ಕೃತದಲ್ಲಿ ಬೀಜಪೂರ ಎಂದೇ ಹೆಸರು, ಹಣ್ಣಿನ ತುಂಬ ಬೀಜ. ಆದರೆ ಅಷ್ಟು ಬೀಜವಿದ್ದೂ ತಳಿ ಉಳಿಸಲು ಅದನ್ನು ನಂಬುವಂತಿಲ್ಲ. ಸೊಟ್ಟಪಟ್ಟ ಬೇಳೆಗಳ ನಡುವೆ ಎರಡು, ಮೂರು, ನಾಲ್ಕು ಮೊಳಕೆ ಒತ್ತಿಕೊಂಡಿದ್ದರೆ ಅವುಗಳಲ್ಲಿ ಹೆಚ್ಚಿನವು ತಾಯಿಯ ಪಡಿಯಚ್ಚು. ಜಂಬೇರಿ, ಹುಳಿಕಿತ್ತಳೆಯಲ್ಲಿ ಹೀಗಿರುತ್ತದೆ. ಪಾತಿಯಲ್ಲಿ ಕುಳ್ಳಾದವು, ಎಲೆ ಬೇರೆಯಾದವು ಕಂಡರೆ ಕಿತ್ತೆಸೆಯಿರಿ. ಹಾಗಿದ್ದೂ ಬೀಜದ ಗಿಡ ಮುಳ್ಳು ಹೊತ್ತು ಆರೆಂಟು ವರ್ಷ ಕಾಯಿಸುತ್ತದೆ. ಕಸಿಗಿಡವಾದರೆ ಮೂರು ನಾಲ್ಕು ವರ್ಷ.

ಮರ ಆರಿಸುವುದು ಹೀಗೆ. ಪ್ರತಿ ಮರಕ್ಕೂ ಸಂಖ್ಯೆ ಹಾಕಿ. ಹಣ್ಣು ಬಣ್ಣ ತಿರುಗಿದಾಗ ನಾಲ್ಕೂ ದಿಕ್ಕಿನಿಂದ ಒಟ್ಟು ಹತ್ತು ಕೊಯ್ದು ತೂಗಿ. ಸಿಪ್ಪೆ, ರಸ, ಬೀಜ, ಉಳಿದ ಚರಟ ಬೇರೆ ಬೇರೆ ತೂಗಿ ಬರೆಯಿರಿ. ಹಣ್ಣು ಸಿಗುವ ತಿಂಗಳನ್ನು ಮರೆಯಬೇಡಿ; ಬೇಸಿಗೆಯಲ್ಲಿ ನಿಂಬೆಯ ಬೆಲೆ ಏರುವ ಹೊತ್ತಿಗೆ ಕಾಯಿ ಕೊಡುವ ಮರಕ್ಕೆ ಬೇರೆ ಗುಣ ಸ್ವಲ್ಪ ಕಡಿಮೆಯಿದ್ದರೂ ನಡೆಯುತ್ತದೆ. ಹುಳಿಯನ್ನು ನಾಲಿಗೆಯಿಂದ ಅಳೆಯಬೇಡಿ, ಮೂರನೆಯ ಹಣ್ಣಿಗೇ ನಾಲಿಗೆ ಮರಗಟ್ಟುತ್ತದೆ. ಸೋಸಿದ ರಸ 2 ಮಿಲೀ ತೆಗೆದು ನೀರು ಬೆರೆಸಿ, ಬಣ್ಣ ತಿರುಗಿ ಸೂಚನೆ ಕೊಡುವ ಫಿನಾಲ್ಫ್ತಲೀನ್ ಎರಡು ಹನಿ ಹಾಕಿ, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ತಿಳಿಗುಲಾಬಿ ಬಣ್ಣ ಅರ್ಧ ನಿಮಿಷ ನಿಂತಾಗ ಎಷ್ಟು ಮಿಲೀ ಹೋಯಿತೋ ಅದನ್ನು 0.32ರಿಂದ ಗುಣಿಸಿದರೆ ಶೇಕಡಾ ಸಿಟ್ರಿಕ್ ಆಮ್ಲ. 18 ಮಿಲೀ ಹೋದರೆ ಸುಮಾರು 5.8. ಹೈಸ್ಕೂಲಿನ ಪ್ರಯೋಗಶಾಲೆಯಲ್ಲೇ ಆಗುವ ಕೆಲಸ. ಎರಡು ವರ್ಷ ಮಾಡಿ, ಏಕೆಂದರೆ ಇವುಗಳಲ್ಲಿ ವರ್ಷ ಬಿಟ್ಟು ವರ್ಷ ಕಾಯುವ ಮರಗಳೂ ಇರುತ್ತವೆ.

ಇನ್ನು ನಿಮ್ಮ ರಸದ ಕಹಿ. ಇದರಲ್ಲಿ ಎರಡು ಕಹಿಗಳಿವೆ. ಚಕ್ಕೋತ, ಹುಳಿಕಿತ್ತಳೆ ಬಳಗದ ಸಿಪ್ಪೆಯ ಬಿಳಿ ಭಾಗದಲ್ಲಿ ನರಿಂಜಿನ್‌ನಂಥ ಕಹಿಗಳಿರುತ್ತವೆ. ಬಾಯಿಗಿಟ್ಟ ಕೂಡಲೇ ಗೊತ್ತಾಗುತ್ತವೆ, ಕುದಿಸಿ ನೀರು ಚೆಲ್ಲಿದರೆ ಬಹುಪಾಲು ಹೋಗುತ್ತವೆ. ನಿಮಗೆ ಕಾಟ ಕೊಟ್ಟಿದ್ದು ಎರಡನೆಯದು, ಲಿಮೋನಿನ್. ಹಣ್ಣಿನೊಳಗೆ ಅದು ರುಚಿಯಿಲ್ಲದ ರೂಪದಲ್ಲಿರುತ್ತದೆ. ಹಿಂಡಿದಾಗ ಪೊರೆ ಒಡೆದು ಹುಳಿರಸದೊಡನೆ ಸೇರಿದ ಮೇಲೆ ನಿಧಾನವಾಗಿ ಕಹಿ ರೂಪಕ್ಕೆ ತಿರುಗುತ್ತದೆ. ಅದಕ್ಕೇ ಬೆಳಿಗ್ಗೆ ಸರಿಯಿದ್ದದ್ದು ಸಂಜೆ ಕಹಿ. ಬಿಸಿ ಮಾಡಿದರೆ ಇದು ಕಡಿಮೆಯಾಗುವುದಿಲ್ಲ, ಬೇಗ ಆಗುತ್ತದೆ. ಪರಿಹಾರ ಹಿಂಡುವ ಕೈಯಲ್ಲಿದೆ: ಯಂತ್ರಕ್ಕೆ ಇಡೀ ಹೋಳು ಹಾಕದೆ, ಬೀಜ ಜಜ್ಜದೆ, ತೊಳೆಯ ಸಿಪ್ಪೆ ಅರೆಯದೆ ಮೆಲ್ಲಗೆ ಹಿಂಡಿ ಕೂಡಲೇ ಸೋಸಬೇಕು. ಚೆನ್ನಾಗಿ ಬಲಿತ ಹಣ್ಣಿನಲ್ಲಿ ಈ ತೊಂದರೆ ಕಡಿಮೆ. ಹೀಗೆ ಮಾಡಿಯೂ ಸಂಜೆಗೆ ಕಹಿಯಾಗುವ ಮರವನ್ನು ರಸದ ಪಟ್ಟಿಯಿಂದ ತೆಗೆದುಹಾಕಿ. ಒಂದು ಲೋಟ ರಸ ಎಂಟು ಗಂಟೆ ಇಟ್ಟು ರುಚಿ ನೋಡುವುದೇ ಇದರ ಪರೀಕ್ಷೆ.

ನಮ್ಮ ಅಭಿಪ್ರಾಯ ಕೇಳಿದರೆ, ರಸದಲ್ಲಿ ನಿಂಬೆಯೊಂದಿಗೆ ಪೈಪೋಟಿಗೆ ಇಳಿಯುವುದೇ ತಪ್ಪು. ಇವುಗಳ ಆಸ್ತಿ ಸಿಪ್ಪೆ. ಅದರಲ್ಲೂ ಮಾದಲದಲ್ಲಿ ರಸ ಹೆಸರಿಗಷ್ಟೇ, ಬೆರಳು ದಪ್ಪದ ಬಿಳಿ ತಿರುಳೇ ಹಣ್ಣು. ಮೆಡಿಟರೇನಿಯನ್ ಸೀಮೆಯಲ್ಲಿ ಇದನ್ನೇ ಸಕ್ಕರೆಯಲ್ಲಿ ಪಾಗಿಸಿ ಬೇಕರಿಗೆ ಮಾರುತ್ತಾರೆ. ವಿಧಾನ ಕಷ್ಟದ್ದಲ್ಲ, ಅವಸರ ಮಾಡಿದರೆ ಮಾತ್ರ ಕೆಡುತ್ತದೆ. ಹಣ್ಣು ಎರಡು ಹೋಳು ಮಾಡಿ ತೊಳೆ ತೆಗೆದು, ಹತ್ತು ಲೀಟರ್ ನೀರಿಗೆ ಒಂದೂವರೆ ಕಿಲೋ ಉಪ್ಪಿನ ದ್ರಾವಣದಲ್ಲಿ ಮುಳುಗಿಸಿ, ಮೇಲೆ ಭಾರ ಇಟ್ಟು, ನಾಲ್ಕರಿಂದ ಆರು ವಾರ ಬಿಡಿ. ತೇಲಿದ ಹೋಳಿಗೆ ಬೂಸ್ಟು ಬರುತ್ತದೆ. ಆಮೇಲೆ ಉಪ್ಪು ಹೋಗುವವರೆಗೆ ನೀರು ಬದಲಿಸಿ ಕುದಿಸಿ. ಸೂಜಿ ಸಲೀಸಾಗಿ ಇಳಿಯಬೇಕು. ಪಾಕ 30 ಬ್ರಿಕ್ಸ್‌ನಿಂದ ಶುರು, ಅಂದರೆ 700 ಗ್ರಾಂ ನೀರಿಗೆ 300 ಗ್ರಾಂ ಸಕ್ಕರೆ. ದಿನಕ್ಕೆ ಹತ್ತು ಬ್ರಿಕ್ಸ್ ಏರಿಸುತ್ತ 70–75ಕ್ಕೆ ತನ್ನಿ. ಮೊದಲ ದಿನವೇ ಗಟ್ಟಿ ಪಾಕಕ್ಕೆ ಹಾಕಿದರೆ ಸಕ್ಕರೆ ಒಳಹೋಗುವ ಮೊದಲೇ ನೀರು ಹೊರಬಂದು ಹೋಳು ಚರ್ಮದಂತೆ ಮುದುಡುತ್ತದೆ; ಆಮೇಲೆ ಏನು ಮಾಡಿದರೂ ಉಬ್ಬುವುದಿಲ್ಲ.

ಹುಳಿಕಿತ್ತಳೆ ಬಳಗದ್ದು ಸಿಪ್ಪೆ ಹಾಕಿದ ಜಾಮ್ ಆದ ಮಾರ್ಮಲೇಡ್‌ಗೆ ಒಳ್ಳೆಯದು. ಸಿಪ್ಪೆಯ ಎಳೆಗಳನ್ನು ಎರಡು ಸಲ ಕುದಿಸಿ ನೀರು ಚೆಲ್ಲಿ. ಬೀಜ, ಬಿಳಿ ತಿರುಳನ್ನು ಬಟ್ಟೆಗಂಟಿನಲ್ಲಿ ಬೇಯಿಸಿದರೆ ಜಾಮ್ ಗಟ್ಟಿ ಕಟ್ಟಿಸುವ ಪೆಕ್ಟಿನ್ ಅಲ್ಲಿಂದಲೇ ಬರುತ್ತದೆ. ಗಟ್ಟಿ ಕಟ್ಟಲು ಕಾಯಿಸಬೇಕೆಂದು ಪುಸ್ತಕದಲ್ಲಿರುವ 105 ಡಿಗ್ರಿ ಸಮುದ್ರಮಟ್ಟದ ಲೆಕ್ಕ. ಮೊದಲು ನಿಮ್ಮಲ್ಲಿ ಬರಿ ನೀರು ಎಷ್ಟಕ್ಕೆ ಕುದಿಯುತ್ತದೆ ನೋಡಿ, ಅದಕ್ಕಿಂತ 4.5 ಡಿಗ್ರಿ ಮೇಲೆ ಒಲೆ ಆರಿಸಿ. 900 ಮೀಟರ್ ಎತ್ತರದಲ್ಲಿ ಅದು 101.5ರ ಹತ್ತಿರ. 105ರವರೆಗೆ ಕಾಯಿಸಿದರೆ ಬಾಟಲಿಯಿಂದ ಚಮಚ ಮೇಲೇಳುವುದಿಲ್ಲ. ಗೊಜ್ಜು, ಉಪ್ಪಿನಕಾಯಿಯ ವಿಷಯ ನಿಮ್ಮ ಮನೆಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಮಾರುವುದಾದರೆ ಆಹಾರ ಸುರಕ್ಷತಾ ನೋಂದಣಿ ಮಾಡಿಸಿ. "ಕಾಡಿನ ಔಷಧಿ" ಎಂದು ಚೀಟಿ ಅಂಟಿಸಬೇಡಿ. ಚಕ್ಕೋತ, ಹುಳಿಕಿತ್ತಳೆಗಳಲ್ಲಿರುವ ಕೆಲವು ವಸ್ತುಗಳು ಕೊಲೆಸ್ಟರಾಲ್, ರಕ್ತದೊತ್ತಡದ ಕೆಲವು ಮಾತ್ರೆಗಳ ಪ್ರಭಾವವನ್ನು ಏರುಪೇರು ಮಾಡುತ್ತವೆ.

ಕಸಿಗೆ ಬೇರುಸಸಿಯಾಗಿ ರಂಗಪುರ ನಿಂಬೆ ಆರಿಸಿ. ಜಂಬೇರಿ ಬೇಗ ಬೆಳೆದರೂ ನೀರು ನಿಲ್ಲುವಲ್ಲಿ ಅದರ ಬೇರು ಕೊಳೆಯುತ್ತದೆ. ಬೀಜ ಒಣಗಿಸಬೇಡಿ. ತೊಳೆದು, ಬೂದಿಯಲ್ಲಿ ಉಜ್ಜಿ, ನೆರಳಲ್ಲಿ ಮೇಲ್ಪಸೆ ಆರಿದ ಕೂಡಲೇ ಬಿತ್ತಬೇಕು. ಸಸಿ ಪೆನ್ಸಿಲ್ ದಪ್ಪವಾದಾಗ, ಜಡಿಮಳೆ ಮುಗಿದ ಮೇಲೆ, ನೆಲದಿಂದ 20–25 ಸೆಂಮೀ ಎತ್ತರದಲ್ಲಿ ಟಿ ಆಕಾರದ ಗಾಯ ಮಾಡಿ, ಆರಿಸಿದ ಮರದ ಕಣ್ಣು, ಅಂದರೆ ಚಿಗುರುಮೊಗ್ಗು, ಕೂರಿಸಿ. ತೊಗಟೆ ಸಲೀಸಾಗಿ ಬಿಡದಿದ್ದರೆ ಆ ದಿನ ಬಿಟ್ಟುಬಿಡಿ. ಕಣ್ಣನ್ನು ದುಂಡಾದ ಕಡ್ಡಿಯಿಂದ ತೆಗೆಯಿರಿ, ಮೂಲೆಮೂಲೆಯಾದ ಎಳೆ ಚಿಗುರಿನಿಂದಲ್ಲ. ಮಾದಲಕ್ಕೆ ಗೂಟಿ (ಮರದಲ್ಲಿರುವ ಕೊಂಬೆಗೇ ಬೇರು ಬರಿಸುವುದು) ಸುಲಭ, ಮಳೆಗಾಲದ ಮೊದಲಲ್ಲಿ ಕಟ್ಟಿದರೆ ಎರಡು ತಿಂಗಳಲ್ಲಿ ಬೇರು ಬರುತ್ತದೆ; ಆದರೆ ಅದರ ಸ್ವಂತ ಬೇರು ಮಲೆನಾಡಿನ ತೇವಕ್ಕೆ ತಾಳಿಕೆಯದ್ದಲ್ಲ.

ಕಣ್ಣು ತೆಗೆಯುವ ಮರದ ಆರೋಗ್ಯವೇ ಇಲ್ಲಿ ದೊಡ್ಡ ಅಪಾಯ. ಒಂದು ಹಳದಿ ಎಲೆಯನ್ನು ಬೆಳಕಿಗೆ ಹಿಡಿಯಿರಿ. ನಡುನರದ ಎರಡೂ ಬದಿ ಒಂದೇ ತೆರನಾಗಿ ಹಳದಿಯಿದ್ದರೆ ಸತುವಿನ ಕೊರತೆ ಇರಬಹುದು. ಒಂದು ಬದಿಯ ಮಚ್ಚೆಗೂ ಇನ್ನೊಂದು ಬದಿಯದಕ್ಕೂ ತಾಳೆಯಾಗದಿದ್ದರೆ ಮರವನ್ನು ಕ್ರಮೇಣ ಸಾಯಿಸುವ ಗ್ರೀನಿಂಗ್ ರೋಗದ ಶಂಕೆ. ಆ ಮರ ಎಷ್ಟೇ ಚೆಂದದ ಹಣ್ಣು ಕೊಟ್ಟರೂ ಅದರಿಂದ ಕಣ್ಣು ಬೇಡ. ಇದನ್ನು ಹರಡುವ ಸಿಲ್ಲಿಡ್ ಕೀಟ ಕರಿಬೇವಿನ ಚಿಗುರಿನಲ್ಲೂ ಬೆಳೆಯುತ್ತದೆ. ಆದ್ದರಿಂದ ನರ್ಸರಿಯ ಪಕ್ಕ ಕರಿಬೇವು ಇರಬಾರದು.

ನೆಡುವುದು ಬಿಸಿಲಿರುವ ಇಳಿಜಾರಿನಲ್ಲಿ, 6 ಮೀಟರ್ ಅಂತರದಲ್ಲಿ, ಒಂದಡಿ ಎತ್ತರದ ದಿಬ್ಬದ ಮೇಲೆ. ಅಡಿಕೆಯ ನೆರಳಿನಲ್ಲಿ ಎಲೆ ಬರುತ್ತದೆ, ಕಾಯಿ ಬರುವುದಿಲ್ಲ. ಕಸಿಗಂಟು ಮಣ್ಣಿನೊಳಗೆ ಹೋಗಕೂಡದು. ಹೋದರೆ ಅಂಟು ಸೋರುವ ರೋಗ ಖಚಿತ. ಮೈಲುತುತ್ತ ನಿಮಗೆ ಹೊಸತಲ್ಲ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರಿನ ಬೋರ್ಡೋ ಸರಿಯನ್ನು ಮಳೆಗೆ ಮೊದಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಕಾಂಡಕ್ಕೆ ಬಳಿಯಿರಿ.

ಕಾಡುನಿಂಬೆ ಬೆಳೆಯಾಗುವ ಗಿಡವಲ್ಲ. ಅದು ಸಿಟ್ರಸ್‌ನ ದಾಯಾದಿಯಾದ ಅಟಲಾಂಶಿಯಾ; ಗೋಲಿ ಗಾತ್ರದ ಕಾಯಿ, ತುಂಬ ಬೀಜ, ರಸ ಹನಿ. ಬೇಲಿಯಲ್ಲಿದ್ದರೆ ಕಡಿಯಬೇಡಿ. ನೀಲಿ ಚುಕ್ಕೆಯ ದೊಡ್ಡ ಕಪ್ಪು ಚಿಟ್ಟೆಯ ಮರಿಹುಳು ಅದರ ಎಲೆಯನ್ನೂ ತಿನ್ನುತ್ತದೆ, ನಿಮ್ಮ ಸಸಿಯ ಎಲೆಯನ್ನೂ ತಿನ್ನುತ್ತದೆ. ಸಸಿಯ ಮೇಲೆ ಕಂಡ ಹುಳುವನ್ನು ಎಲೆಸಮೇತ ಎತ್ತಿ ಕಾಡುನಿಂಬೆಯ ಮೇಲೆ ಬಿಟ್ಟುಬನ್ನಿ.