ಅಪರಾಧಿ ಎಂದ ಮೇಲೆ, ಶಿಕ್ಷೆಗೆ ಮೊದಲು

ಪ್ರಿಯ ತಂಗಿ,

ಜಗಳೂರಿನಿಂದ ನೀವು ಕಳಿಸಿದ ಕಥೆ ಓದಿದೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಇಪ್ಪತ್ತರ ಹುಡುಗ ದಾವಣಗೆರೆ ಎಪಿಎಂಸಿಯ ಗೋದಾಮಿನಿಂದ ಒಂದು ಚೀಲ ಅಡಿಕೆ ಕದಿಯುತ್ತಾನೆ, ಸಿಕ್ಕಿಬೀಳುತ್ತಾನೆ, ಜೈಲಿಗೆ ಹೋಗುತ್ತಾನೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಿ ಎನ್ನಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಅರ್ಧ ಚೆನ್ನಾಗಿದೆ. ಭಟ್ಟಿಯ ಹೊಗೆ, ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು, ಬೆವರಿಗೆ ಅಂಟಿದ ಧೂಳು, ಎಲ್ಲವನ್ನೂ ಕಣ್ಣಾರೆ ಕಂಡು ಬರೆದಿದ್ದೀರಿ. ಅಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ.

ಕೋರ್ಟಿನ ಬಾಗಿಲು ದಾಟಿದ ಮೇಲೆ ಕಥೆ ಸೊರಗುತ್ತದೆ. ಮ್ಯಾಜಿಸ್ಟ್ರೇಟರು ಸುತ್ತಿಗೆ ಬಡಿದು, "ನೀನು ತಪ್ಪಿತಸ್ಥ, ಎರಡು ವರ್ಷ ಜೈಲು" ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ನಮ್ಮ ಕೋರ್ಟುಗಳಲ್ಲಿ ಸುತ್ತಿಗೆ ಬಡಿಯುವುದಿಲ್ಲ. ಅದು ಸಿನಿಮಾದ್ದು, ತೆಗೆದರೆ ಆಯಿತು. ದೊಡ್ಡ ತೊಂದರೆ ಬೇರೆ ಇದೆ. ತಪ್ಪು ಮಾಡಿದ್ದಾನಾ ಅನ್ನುವುದು ಒಂದು ತೀರ್ಮಾನ, ಶಿಕ್ಷೆ ಎಷ್ಟು ಅನ್ನುವುದು ಇನ್ನೊಂದು. ಜೈಲಿಗೆ ಕಳಿಸುವುದಾದರೆ ನಡುವೆ ಶಿಕ್ಷೆಯ ಬಗ್ಗೆ ಅವನ ಮಾತು ಕೇಳಲೇಬೇಕು. 1976ರಲ್ಲಿ ಸಂತಾ ಸಿಂಗ್ ಪ್ರಕರಣದಲ್ಲಿ ಕೆಳಗಿನ ಕೋರ್ಟು ಹಾಗೆ ಕೇಳಿರಲಿಲ್ಲ. ಅದೊಂದೇ ಕಾರಣಕ್ಕೆ ಸುಪ್ರೀಂ ಕೋರ್ಟು ಮರಣದಂಡನೆಯನ್ನು ರದ್ದು ಮಾಡಿ, ಶಿಕ್ಷೆಯ ವಿಚಾರಣೆಗೆ ವಾಪಸ್ ಕಳಿಸಿತು.

ನಿಮ್ಮ ಹುಡುಗನ ವಿಷಯದಲ್ಲಿ ಇನ್ನೂ ಜಾಸ್ತಿ ಇದೆ. 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ 6ನೇ ಕಲಂ ಓದಿ. ವಯಸ್ಸು 21ಕ್ಕಿಂತ ಕಡಿಮೆ, ಅಪರಾಧ ಜೀವಾವಧಿ ಶಿಕ್ಷೆ ಬೀಳುವಂಥದ್ದಲ್ಲ ಎಂದಾದರೆ ಸುಮ್ನೆ ಜೈಲಿಗೆ ಕಳಿಸುವಂತಿಲ್ಲ. ಎಚ್ಚರಿಕೆ ಹೇಳಿಯೋ, ಒಳ್ಳೆ ನಡತೆಯ ಬಾಂಡ್ ಬರೆಸಿಕೊಂಡೋ ಬಿಡುವುದು ಸರಿಯಲ್ಲ ಎಂದು ಕೋರ್ಟಿಗೆ ಮನವರಿಕೆ ಆಗಬೇಕು. ಅದನ್ನು ತೀರ್ಮಾನಿಸಲು ಪ್ರೊಬೇಷನ್ ಆಫೀಸರ್, ಅಂದರೆ ಅಪರಾಧಿಯ ಹಿನ್ನೆಲೆ ವಿಚಾರಿಸುವ ಅಧಿಕಾರಿ, ಕೊಡುವ ವರದಿ ತರಿಸಿಕೊಳ್ಳಬೇಕು. ಜೈಲು ಎಂದೇ ಆದರೆ ಕಾರಣ ಬರೆದಿಡಬೇಕು. ವಯಸ್ಸಿನ ಲೆಕ್ಕವೂ ಕದ್ದ ದಿನಕ್ಕಲ್ಲ, ಕೋರ್ಟು ಶಿಕ್ಷೆಯ ಪ್ರಶ್ನೆ ಕೈಗೆತ್ತಿಕೊಳ್ಳುವ ದಿನಕ್ಕೆ. ರಾಮ್‌ಜಿ ಮಿಸ್ಸರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಾಗೆ ಹೇಳಿದೆ. ನಿಮ್ಮ ಕಥೆಯಲ್ಲಿ ವಾಯಿದೆ ಮೇಲೆ ವಾಯಿದೆ ಬೀಳುತ್ತದೆ, ಓದುವವರಿಗೆ ಬೇಜಾರು. ಇನ್ನೆರಡು ವಾಯಿದೆ ಹೋದರೆ ಹುಡುಗನಿಗೆ ಇಪ್ಪತ್ತೊಂದು ತುಂಬುತ್ತದೆ ಎಂದು ಗೊತ್ತಿದ್ದರೆ ಅದೇ ಪುಟಗಳನ್ನು ಉಸಿರು ಬಿಗಿಹಿಡಿದು ಓದುತ್ತಾರೆ, ಅಲ್ವಾ?

ಆ ಆಫೀಸರನ್ನು ಹುಡುಗನ ಮನೆಗೆ ಕರೆತನ್ನಿ. ಆಕೆ ಕಳವು ಹೇಗಾಯಿತು ಎಂದು ಪೊಲೀಸರ ಹಾಗೆ ಕೆದಕಲು ಬಂದವರಲ್ಲ. ಇವನು ಎಂಥವನು, ಯಾಕೆ ಹೀಗೆ ಮಾಡಿದ, ಹೊರಗೆ ಬಿಟ್ಟರೆ ಯಾರ ಆಸರೆ ಇದೆ ಎಂದು ತಿಳಿಯಲು ಬಂದವರು. ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟ? ಕೂಲಿ ದುಡ್ಡು ಯಾರ ಕೈಗೆ ಹೋಗುತ್ತದೆ? ಹಿಂದೆ ಕೇಸು ಇತ್ತಾ? ಭಟ್ಟಿ ಮಾಲೀಕರು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳುತ್ತಾರಾ? ನಿಮ್ಮ ಕಥೆಯಲ್ಲಿ ತಾಯಿ ಪುಟಗಟ್ಟಲೆ ಅಳುತ್ತಾಳೆ. ಅಷ್ಟು ಅಳು ಬೇಡ. ಆಕೆ ಸಂಘದ ಸಾಲದ ಪುಸ್ತಕ ತಂದು ಆಫೀಸರ್ ಮುಂದೆ ಇಡಲಿ. ಪ್ರತಿ ವಾರದ ಕಂತಿಗೂ ಸಹಿ ಇದೆ, ಕಳವಾದ ವಾರದ್ದು ಮಾತ್ರ ಖಾಲಿ. ಆಫೀಸರ್ ಅದನ್ನು ನೋಡಿದರು ಎಂದಷ್ಟೇ ಬರೆಯಿರಿ.

ಹಾಗಂತ ವರದಿಯನ್ನು ದೇವರ ಪ್ರಸಾದ ಮಾಡಬೇಡಿ. ಪಕ್ಕದ ಮನೆಯವರು, "ಆ ಜನಾನೇ ಹಂಗೆ ಬಿಡ್ರಿ ಮೇಡಂ" ಅಂದರೆ? ಅದು ನಲ್ಲಿ ನೀರಿನ ಜಗಳದ ಸಿಟ್ಟಿರಬಹುದು, ಜಾತಿಯ ತಾತ್ಸಾರವಿರಬಹುದು. ಅವಸರದಲ್ಲಿರುವ ಆಫೀಸರ್ ಅದನ್ನೇ ಬರೆದುಕೊಂಡು ಹೋಗಬಹುದು. ವರದಿ ಗೋಪ್ಯ ಎನ್ನುತ್ತದೆ 7ನೇ ಕಲಂ. ಅದರ ಸಾರಾಂಶವನ್ನು ಹುಡುಗನಿಗೆ ತಿಳಿಸಿ, ಸಾಕ್ಷ್ಯ ಕೊಡಲು ಅವಕಾಶ ಮಾಡಿಕೊಡುವುದು ಕೋರ್ಟಿನ ಇಷ್ಟಕ್ಕೆ ಬಿಟ್ಟದ್ದು. ಇದು ನನಗೆ ಸರಿ ಕಾಣುವುದಿಲ್ಲ. ತನ್ನ ಬಗ್ಗೆ ಊರವರು ಏನು ಹೇಳಿದರು ಎಂದು ತಿಳಿಯದೆಯೇ ಯಾರೂ ಜೈಲಿಗೆ ಹೋಗಬಾರದು. ನಿಮ್ಮ ಮ್ಯಾಜಿಸ್ಟ್ರೇಟರು ತಿಳಿಸುತ್ತಾರಾ, ಇಲ್ವಾ? ಕಥೆ ತಿರುಗುವುದು ಅಲ್ಲೇ.

ಅಡಿಕೆ ವ್ಯಾಪಾರಿಯನ್ನು ಖಳನಾಯಕ ಮಾಡಿದ್ದೀರಿ. ಮಾಲು ಕಳಕೊಂಡವರು ಅವರು. ಹುಡುಗನನ್ನು ಬಿಡುವಾಗ ಅವರಿಗೆ ಪರಿಹಾರ ಕೊಡಿಸಲು 5ನೇ ಕಲಂನಲ್ಲಿ ದಾರಿ ಇದೆ. ಅವರಿಗೂ ನಾಲ್ಕು ಮಾತು ಕೊಡಿ.

ಕೊನೆಗೆ ಹುಡುಗನನ್ನು ಬಿಡಿಸಲೇಬೇಕು ಎಂದು ನಾನು ಹೇಳುತ್ತಿಲ್ಲ. ಎಲ್ಲ ತಿಳಿದೂ ಜೈಲಿಗೆ ಕಳಿಸಬಹುದು, ಆದರೆ ಕಾರಣ ಓದುಗರಿಗೆ ಕೇಳಿಸಬೇಕು. ತಿದ್ದುವ ಮೊದಲು ದಾವಣಗೆರೆಗೆ ಬಂದು ಕೋರ್ಟ್ ಹಾಲಿನಲ್ಲಿ ಒಂದಷ್ಟು ಹೊತ್ತು ಕೂತು ನೋಡಿ. ಸಾಮಾನ್ಯವಾಗಿ ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂರಬಹುದು. ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳಿಸಿ, ಮೊದಲಿನಿಂದ ಓದುತ್ತೇನೆ.

ನಿಮ್ಮ,
ಸಂಪಾದಕ