ಶಾಲ್ವನ ಪಕ್ಷ ಯಾಕೆ ಅಕ್ಕಾ?

ಉಡುಪಿ ಕಡೆಯ ಮಲ್ಲಿಗೆಯ ಊರು ಶಂಕರಪುರದ ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯ ಮುಖಪುಟದಲ್ಲಿ ಟಿವಿ ರಿಯಾಲಿಟಿ ಶೋದ ಆ ಜೋಡಿಯ ಫೋಟೊ ಹಾಕಿ ‘ಚಂದದ ಪ್ರೀತಿ’ ಎಂದು ಬರೆದಿದ್ದೀರಿ. ಹುಡುಗಿ ನಿಶ್ಚಿತಾರ್ಥ ಮುರಿದು ಬಂದವಳು. ಅದಕ್ಕೂ ಮೊದಲು ಇನ್ನೊಬ್ಬನಿದ್ದನಂತೆ. ಹುಡುಗನಿಗೆ ಪಾಪ, ಒಂದು ಡೈವೋರ್ಸ್ ಆಗಿದೆ. ಇವಳು ಇವನ ಜೊತೆ ಎಷ್ಟು ದಿನ ಇರುತ್ತಾಳೆ? ಆರು ವಾರದಲ್ಲಿ ಹುಟ್ಟಿದ್ದು ಪ್ರೀತಿಯಾ? ಇನ್ನು ಮೇಲೆ ಇಂಥವರ ಫೋಟೊ ಹಾಕಬೇಡಿ. ನಮ್ಮ ಮಲ್ಲಿಗೆಗೆ ಈ ಸಲ ಮಳೆ ಹೊಡೆತ ಬಿತ್ತು, ಅದನ್ನು ಯಾರೂ ಬರೆಯುವುದಿಲ್ಲ.”

ಅಕ್ಕಾ, ನಿಮ್ಮ ಪತ್ರ ಎರಡು ಸಲ ಓದಿದೆ. ಕೈಬರಹದಲ್ಲಿ ನಾಲ್ಕು ಪುಟ ಬರೆಯುವವರು ಈಗ ಎಲ್ಲಿದ್ದಾರೆ? ಅದಕ್ಕೇ ಪ್ರೀತಿಯಿಂದ ಜಗಳಕ್ಕೆ ಕೂತಿದ್ದೇನೆ.

ಮೊದಲು ನಿಮ್ಮ ಒಂದು ಮಾತು ಒಪ್ಪಿಬಿಡುತ್ತೇನೆ. ಹಿಂದಿನದ್ದನ್ನು ಕೇಳಲೇಬಾರದು ಎಂದಲ್ಲ. ಹೆಂಡತಿಗೆ ಕೈ ಎತ್ತಿದವನು, ಸಾಲ ಮಾಡಿ ಓಡಿದವನು ಇದ್ದರೆ ಹೆಣ್ಣು ಕೊಡುವವರು ವಿಚಾರಿಸಲೇಬೇಕು. ಆಯ್ತಲ್ಲ?

ಈಗ ನಿಮ್ಮ ಪತ್ರವನ್ನೇ ಇನ್ನೊಮ್ಮೆ ನೋಡಿ. ಹುಡುಗನಿಗೆ ಡೈವೋರ್ಸ್ ‘ಆಗಿದೆ’, ಅದೂ ‘ಪಾಪ’. ಅಂದರೆ ಜ್ವರ ಬಂದ ಹಾಗೆ ಬಂದದ್ದು. ಹುಡುಗಿ ಮಾತ್ರ ‘ಮುರಿದು ಬಂದವಳು’. ಅವಳೇ ಕೈಯಾರೆ ಮಾಡಿದ್ದು. ಮದುವೆಯಾಗಿ ಬಿಟ್ಟವನಿಗೆ ಕನಿಕರ, ಮದುವೆಗೆ ಮೊದಲೇ ಬೇಡ ಎಂದವಳಿಗೆ ಲೆಕ್ಕ ಪುಸ್ತಕ. ಒಂದೇ ಅಂಗಡಿಯಲ್ಲಿ ಎರಡು ತಕ್ಕಡಿ ಇಟ್ಟರೆ ಮೀನು ಮಾರುವ ಹೆಂಗಸರನ್ನು ನೀವು ಸುಮ್ನೆ ಬಿಡುತ್ತೀರಾ?

ಆರು ವಾರದ ವಿಷಯಕ್ಕೆ ಬರೋಣ. ಶೋ ನಡೆಯುವ ಆ ಮನೆಯಲ್ಲಿ ಫೋನಿಲ್ಲ, ಪೇಪರಿಲ್ಲ, ಗಡಿಯಾರವಿಲ್ಲ. ಇಡೀ ದಿನ ಕ್ಯಾಮೆರಾ ಓಡುತ್ತದೆ, ನಮಗೆ ತೋರಿಸುವುದು ಒಂದೂವರೆ ಗಂಟೆ. ಯಾವ ನೋಟಕ್ಕೆ ಯಾವ ಹಾಡು ಹಾಕಬೇಕೆಂದು ಎಡಿಟಿಂಗ್ ಟೇಬಲ್ಲಿನಲ್ಲಿ ಕೂತವನು ನಿರ್ಧರಿಸುತ್ತಾನೆ. ಆದ್ದರಿಂದ ಅಲ್ಲಿಯದು ನಿಜವಾದ ಪ್ರೀತಿಯೋ ಅಲ್ಲವೋ, ನಿಮಗೂ ತಿಳಿಯದು, ನನಗೂ ತಿಳಿಯದು. ‘ಚಂದದ ಪ್ರೀತಿ’ ಎಂದು ಬರೆದದ್ದು ನಮ್ಮ ತಪ್ಪೇ. ಆದರೆ ಬೇಗ ಹುಟ್ಟಿತು ಎಂಬ ಕಾರಣಕ್ಕೆ ಸುಳ್ಳು ಎನ್ನಬೇಡಿ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಯ ಜೊತೆ ನಾಲ್ಕು ದಿನ ಇದ್ದು ನೋಡಿ. ಪಕ್ಕದ ಮಂಚದವರು ನೆಂಟರಾಗಿರುತ್ತಾರೆ, ಗಂಜಿ ಹಂಚಿಕೊಂಡಿರುತ್ತೀರಿ. ಹೊರಗೆ ಹೋಗಲಾಗದ ಜಾಗದಲ್ಲಿ ಮನುಷ್ಯರು ಹಾಗೆಯೇ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದರೆ ನಮ್ಮಲ್ಲಿ ತಾಳಮದ್ದಳೆಯ ಕಾಲ, ವೇಷವಿಲ್ಲದೆ ಕೂತು ಹಾಡು, ಮಾತಿನಲ್ಲೇ ಪ್ರಸಂಗ ನಡೆಸುವುದು. ‘ಭೀಷ್ಮ ವಿಜಯ’ ನೀವೂ ಕೇಳಿರುತ್ತೀರಿ. ಕಾಶಿಯಿಂದ ಭೀಷ್ಮ ಮೂವರು ರಾಜಕುಮಾರಿಯರನ್ನೂ ಗೆದ್ದು ತರುತ್ತಾನೆ. ನಾನು ಮನಸಾರೆ ಶಾಲ್ವನನ್ನು ವರಿಸಿದ್ದೇನೆ ಎಂದು ಅವರಲ್ಲಿ ಹಿರಿಯವಳಾದ ಅಂಬೆ ಹೇಳಿದಾಗ ಮರ್ಯಾದೆಯಿಂದ ಕಳಿಸಿಯೂ ಕೊಡುತ್ತಾನೆ. ಶಾಲ್ವ ಏನೆನ್ನುತ್ತಾನೆ? ಇನ್ನೊಬ್ಬ ಗೆದ್ದು ಕೊಂಡೊಯ್ದವಳು ನನಗೆ ಬೇಡ. ಅಂಬೆ ಬೀದಿಗೆ ಬಿದ್ದಾಗ ಸಭೆಯಲ್ಲಿ ಕಣ್ಣೊರೆಸಿಕೊಳ್ಳುವವರನ್ನು ನಾನು ನೋಡಿದ್ದೇನೆ. ಅವರೇ ಮನೆಗೆ ಹೋಗಿ ಟಿವಿ ಹಾಕಿ, ಅಂಬೆಯನ್ನು ಬಿಟ್ಟು ಶಾಲ್ವನ ಅರ್ಥ, ಅಂದರೆ ಅವನ ಪಾತ್ರದ ಮಾತು, ಹೇಳಲು ಶುರು ಮಾಡುತ್ತಾರೆ. ಮಾರಾಯ್ರೆ, ಇದು ಯಾವ ನ್ಯಾಯ?

ಅದೂ ತುಳುನಾಡಿನಲ್ಲಿ! ನಿಮ್ಮಿಂದ ಹಿರಿಯಡಕ ಎಷ್ಟು ದೂರ? ಅಲ್ಲಿಯ ಸಿರಿ ಜಾತ್ರೆಯಲ್ಲಿ ಹೆಂಗಸರ ಮೈಮೇಲೆ ಬರುವ ಸಿರಿ ಯಾರು? ಬಸ್ರೂರಿನ ಕಾಂತು ಪೂಂಜನ ಹೆಂಡತಿ. ಸೀಮಂತದ ಬಯಕೆಗೆ ತಂದ ಸೀರೆಯನ್ನು ಅವನು ಮೊದಲು ತನ್ನ ಪ್ರೇಯಸಿ ಸಿದ್ದುವಿಗೆ ಉಡಿಸಿದ ಎಂದು ಆ ಸೀರೆಯನ್ನೇ ಬೇಡ ಎಂದವಳು. ಆಮೇಲೆ ಗಂಡನನ್ನೂ ಬಿಟ್ಟಳು. ಕೂಸಿನ ತಾಯಿಯಾದ ಮೇಲೆ ಕೊಡ್ಸರ ಆಳ್ವನನ್ನು ಮದುವೆಯಾದಳು. ಉಜಿರೆ ಕಡೆಯ ಗೋಪಾಲ ನಾಯ್ಕರು ಹಾಡಿದ ಈ ಕಥೆಯನ್ನು 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ದಾಖಲಿಸಿದರು. 1998ರಲ್ಲಿ ಅಚ್ಚಾದಾಗ 15,683 ಸಾಲು! ಸಿರಿಗೆ ಕೈ ಮುಗಿದು ಕಾಣಿಕೆ ಹಾಕುತ್ತೇವೆ. ಟಿವಿಯ ಹುಡುಗಿ ಒಂದು ಉಂಗುರ ಹಿಂದೆ ಕೊಟ್ಟರೆ ಮೂಗು ಮುರಿಯುತ್ತೇವೆ. ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ ಹೆಣ್ಣು ಅದಕ್ಕೆ ಎಷ್ಟೋ ಮೊದಲೇ ಗಂಡನನ್ನು ಬಿಟ್ಟು ತವರಿಗೆ ಬರಬಹುದಿತ್ತು, ಮತ್ತೆ ಮದುವೆಯಾಗಬಹುದಿತ್ತು. ಆ ಮದುವೆಗೆ ಬುಡುದಾರೆ ಎಂಬ ಹೆಸರೇ ಇದೆ. ಇವತ್ತು ಮದುವೆ ದಲ್ಲಾಳಿಗಳ ಹತ್ತಿರ ಹೋಗಿ ನೋಡಿ. ಎಂ.ಬಿ.ಎ. ಓದಿದ ಹುಡುಗನ ತಾಯಿ, ‘ಹುಡುಗಿಗೆ ಮೊದಲು ಎಂತದ್ದೂ ಇರಲಿಲ್ಲ ತಾನೆ?’ ಎಂದು ಪಿಸುಗುಟ್ಟುತ್ತಾರೆ. ನಾವು ಮುಂದೆ ಬಂದದ್ದು ಯಾವ ದಿಕ್ಕಿಗೆ?

ನನ್ನ ದೊಡ್ಡಮ್ಮನ ಕಥೆ ಹೇಳುತ್ತೇನೆ. ಕುಂದಾಪುರ ಕಡೆಗೆ ಕೊಟ್ಟಿದ್ದರು. ಎರಡೇ ವರ್ಷದಲ್ಲಿ ಬಟ್ಟೆಗಂಟು ಹಿಡಿದು ವಾಪಸ್ ಬಂದರು. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಬರುವಾಗ ಒಂದು ಹಿತ್ತಾಳೆಯ ಕೊಡಪಾನ ತಂದಿದ್ದರು. ಅದರ ಕಂಠದ ಮೇಲೆ ಮೊದಲ ಗಂಡನ ಹೆಸರು ಕೊರೆಸಿತ್ತು. ಆಮೇಲೆ ಬೊಂಬಾಯಿಯ ಹೋಟೆಲಿನಲ್ಲಿ ಕ್ಯಾಷಿಯರ್ ಆಗಿದ್ದ ದೊಡ್ಡಪ್ಪನನ್ನು ಮದುವೆಯಾದರು. ಕೊಡಪಾನವೂ ಜೊತೆಗೇ ದೊಡ್ಡಪ್ಪನ ಊರಮನೆಗೆ ಹೋಯಿತು. ದೊಡ್ಡಪ್ಪ ಊರಿಗೆ ಬಂದಾಗ ಬಾವಿಕಟ್ಟೆಯಲ್ಲಿ ಅದೇ ಕೊಡಪಾನದಿಂದ ಮೀಯುತ್ತಿದ್ದರು. ಒಮ್ಮೆ ನೆಂಟನೊಬ್ಬ ಹಲ್ಲು ಕಿಸಿದು, ‘ಯಾರ ಹೆಸರು ಮಾರಾಯ್ರೆ ಇದು?’ ಎಂದು ಕೇಳಿದ. ದೊಡ್ಡಪ್ಪ ತಲೆಗೆ ಇನ್ನೊಂದು ಕೊಡ ಸುರಿದುಕೊಂಡು, ‘ಹೆಸರು ಯಾರದ್ದಾದರೆ ಎಂತ, ಪಾತ್ರೆ ಗಟ್ಟಿ ಉಂಟು’ ಎಂದರು. ಆ ಸಂಸಾರ ದೊಡ್ಡಪ್ಪ ತೀರಿಹೋಗುವವರೆಗೂ ನಡೆಯಿತು. ಕೊಡಪಾನ ಈಗ ನಮ್ಮಲ್ಲಿದೆ, ತಳ ಸ್ವಲ್ಪ ನಗ್ಗಿದೆ ಅಷ್ಟೆ.

ಇನ್ನು ಫೋಟೊ ವಿಚಾರ. ನೀವು ಬೇಡ ಎಂದದ್ದಕ್ಕೆ ನಿಲ್ಲಿಸುವುದಿಲ್ಲ. ಆದರೆ ಮುಖಪುಟಕ್ಕೆ ನಮಗೆ ಬೇರೆ ಏನೂ ಸಿಗಲಿಲ್ಲವೇ ಎಂದು ನೀವು ಕೇಳಿದ್ದರೆ ನಾನು ತಲೆ ತಗ್ಗಿಸುತ್ತಿದ್ದೆ. ನಾಲ್ಕು ಪುಟದ ಪತ್ರದಲ್ಲಿ ಮಲ್ಲಿಗೆಗೆ ನೀವು ಕೊಟ್ಟದ್ದು ಒಂದೇ ಸಾಲು ಅಕ್ಕಾ! 800 ಹೂವಿನ ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಬೆಳಗಾಗುವ ಮೊದಲು ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುವ ಕೈಗಳು, ಮದುವೆ ಸೀಸನ್ನಿನಲ್ಲಿ ಗಗನಕ್ಕೇರಿ ಮರುವಾರ ನೆಲಕ್ಕೆ ಬೀಳುವ ದರ. ಇದನ್ನು ಬರೆಯಲು ನಿಮಗಿಂತ ತಿಳಿದವರು ನಮಗೆ ಯಾರಿದ್ದಾರೆ? ಆ ಜೋಡಿ ಅವರ ಪಾಡಿಗೆ ಇರಲಿ. ಮಲ್ಲಿಗೆಯ ಬಗ್ಗೆ ನಾಲ್ಕು ಪುಟ ಬರೆದು ಕಳಿಸಿ, ಗಿಡದ ಪಕ್ಕ ನಿಂತ ನಿಮ್ಮದೊಂದು ಫೋಟೊ ಜೊತೆಗಿರಲಿ. ತಿಂಗಳ 20ರೊಳಗೆ ಕೈ ಸೇರಿದರೆ ಮುಖಪುಟ ನಿಮಗೆ.

— ಸಂಪಾದಕ