ಕರೆಂಟು ನಿಜವಾಗ್ಲೂ ನೀರಿನ ಥರ ಹರಿಯುತ್ತಾ?

ಪ್ರಶ್ನೆ: ಸಾರ್, ಈ ಸಲ ಹೂಮಳೆ ಕೈಕೊಟ್ಟಿದ್ದಕ್ಕೆ ಕಾಫಿಗೆ ಸ್ಪ್ರಿಂಕ್ಲರ್ ಹಾಕ್ತಿದ್ವಿ. ಪೈಪಲ್ಲಿ ನೀರು ಹೋದ ಹಾಗೇನೇ ವೈರಲ್ಲಿ ಕರೆಂಟು ಹೋಗೋದು ಅಂತ ಮಗಳಿಗೆ ಹೇಳ್ದೆ. ಹಾಗಾದ್ರೆ ವೈರೊಳಗೂ ಹೊಳೇಲಿರೋ ಥರ ಸುಳಿ ಇರುತ್ತಾ, ಪಕ್ಕದಲ್ಲಿ ಮ್ಯಾಗ್ನೆಟ್ ಇಟ್ರೆ ಏನಾಗುತ್ತೆ ಅಂತ ಕೇಳಿದ್ಳು. ನಂಗೆ ಹೇಳೋಕೆ ಬರ್ಲಿಲ್ಲ.
— ಒಬ್ಬ ಬೆಳೆಗಾರರು, ಸಿದ್ದಾಪುರ

ಉತ್ತರ: ಮಗಳು ಕೇಳಿರೋದು ಭೌತಶಾಸ್ತ್ರದವರು ಈಗ್ಲೂ ತಲೆಕೆಡಿಸ್ಕೊಂಡಿರೋ ಪ್ರಶ್ನೆ, ಅವಳಿಗೆ ಹೇಳಿ.

ನಿಮ್ಮ ಪಂಪಿನ ತಾಮ್ರದ ವೈರಲ್ಲಿ ಸುಳಿ ಇರಲ್ಲ. ಅಲ್ಲಿ ಎಲೆಕ್ಟ್ರಾನ್‌ಗಳು ಹೋಗೋದು ಹೊಳೆ ನೀರಿನ ಥರ ಅಲ್ಲ, ಮರಳಲ್ಲಿ ಇಂಗೋ ನೀರಿನ ಥರ. ವೋಲ್ಟೇಜಿಂದ ಹುಟ್ಟೋ ಎಲೆಕ್ಟ್ರಿಕ್ ಫೀಲ್ಡ್ ಅವನ್ನ ತಳ್ತಾನೇ ಇರುತ್ತೆ, ಆದ್ರೆ ನಡುಗ್ತಿರೋ ಪರಮಾಣುಗಳು, ಒಳಗಿನ ಕಲ್ಮಶಗಳು ಎಲ್ಲಾ ಸೇರಿ ಆ ವೇಗಾನ ಆಗಾಗ್ಲೇ ಕಿತ್ಕೊಂಡುಬಿಡ್ತವೆ, ವೈರು ಬಿಸಿ ಆಗೋದೂ ಅದಕ್ಕೇ.

ಹೊಳೆ ಥರ ಹರೀಬೇಕಂದ್ರೆ ಎಲೆಕ್ಟ್ರಾನ್‌ಗಳು ಬೇರೆ ಯಾವುದಕ್ಕೂ ಗುದ್ದೋಕೆ ಮೊದ್ಲು ಒಂದಕ್ಕೊಂದು ಗುದ್ದಾಡ್ಬೇಕು. ಆಗ ಒಂದು ಕಳ್ಕೊಂಡ ವೇಗ ಇನ್ನೊಂದಕ್ಕೆ ಸಿಗುತ್ತೆ, ಒಟ್ಟು ಸೆಳೆತ ಹಾಗೇ ಉಳಿಯುತ್ತೆ, ತಡೆಯೋದು ಅಂಚು ಮಾತ್ರ. ದುಬಾರೆಲಿ ಕಾವೇರಿ ನೋಡಿದ್ದೀರಲ್ಲ, ನಡುವೆ ಸೆಳೆತ ಜಾಸ್ತಿ, ದಡದ ಹತ್ರ ಕಮ್ಮಿ, ಅದೇ ಲೆಕ್ಕ. ಹೀಗಾಗ್ಬಹುದು ಅಂತ ಗುರ್ಜಿ ಅನ್ನೋ ಸೋವಿಯತ್ ವಿಜ್ಞಾನಿ 1963ರಲ್ಲೇ ಬರೆದಿದ್ರು, ಆದ್ರೆ ಅಷ್ಟು ಶುದ್ಧವಾದ ವಸ್ತು ಬೇಕಲ್ಲ. ಅಂಥದ್ದೊಂದು ಗ್ರಾಫೀನ್, ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ. 2016ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯೂನಿವರ್ಸಿಟಿಯವರು ಅದರೊಳಗೆ ಕರೆಂಟು ಬಿಟ್ಟು ನೋಡಿದಾಗ, ಕರೆಂಟು ಒಳಗೆ ಬರೋ ಜಾಗದ ಪಕ್ಕದಲ್ಲೇ ವೋಲ್ಟೇಜ್ ಉಲ್ಟಾ ಬಂತು. ಸುಳಿ ಎದ್ದು ಎಲೆಕ್ಟ್ರಾನ್‌ಗಳು ಫೀಲ್ಡಿನ ತಳ್ಳುವಿಕೆಗೆ ಎದುರಾಗೇ ವಾಪಸ್ ಹರೀತಿದ್ವು! ಆ ದ್ರವದ ಜಿಗುಟು ಲೆಕ್ಕ ಹಾಕಿದ್ರೆ ಜೇನುತುಪ್ಪಕ್ಕಿಂತ ಸುಮಾರು 10 ಪಟ್ಟು ಬಂತು. ನಮ್ಮ ಕೊಡಗಿನ ಜೇನು ಬಾಟ್ಲಿಯಿಂದ ಎಷ್ಟು ನಿಧಾನ ಇಳಿಯುತ್ತೆ ಅಂತ ನಿಮಗೆ ಗೊತ್ತಲ್ಲ.

ಇನ್ನು ಮ್ಯಾಗ್ನೆಟ್ಟು. ಹೊಳೆ ಪಕ್ಕ ಮ್ಯಾಗ್ನೆಟ್ ಹಿಡಿದ್ರೆ ಹೊಳೆಗೇನೂ ಆಗಲ್ಲ, ಆದ್ರೆ ಈ ದ್ರವಕ್ಕೆ ಚಾರ್ಜ್ ಇದೆ. ಮಾಮೂಲಿ ಲೋಹದಲ್ಲಾದ್ರೆ ಮ್ಯಾಗ್ನೆಟ್ ಎಲೆಕ್ಟ್ರಾನ್‌ಗಳನ್ನ ಒಂದು ಪಕ್ಕಕ್ಕೆ ಒತ್ತಿ ಅಡ್ಡಡ್ಡ ವೋಲ್ಟೇಜ್ ಹುಟ್ಟಿಸುತ್ತೆ, ಹಾಲ್ ಎಫೆಕ್ಟ್ ಅಂತಾರೆ. ಜಿಗುಟು ದ್ರವದಲ್ಲಿ ಪಕ್ಕಪಕ್ಕದ ಪದರಗಳು ಬೇರೆ ಬೇರೆ ವೇಗದಲ್ಲಿ ಉಜ್ಕೊಂಡು ಹೋಗ್ತಿರ್ತವಲ್ಲ, ಮ್ಯಾಗ್ನೆಟ್ ಆ ಉಜ್ಜಾಟವನ್ನೂ ಅಡ್ಡಕ್ಕೆ ತಿರುಗಿಸುತ್ತೆ, ಅದರಿಂದ ಹುಟ್ಟೋ ಫೀಲ್ಡು ಮಾಮೂಲಿ ಹಾಲ್ ಎಫೆಕ್ಟಿಗೆ ಉಲ್ಟಾ ದಿಕ್ಕಲ್ಲಿರುತ್ತೆ. ಇದನ್ನ 2019ರಲ್ಲಿ ಗ್ರಾಫೀನಲ್ಲೇ ಅಳೆದ್ರು. ನಂಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ.

ಇದೆಲ್ಲಾ ದೂರದ ಮಾತೂ ಅಲ್ಲ. ಲೋಹದಲ್ಲಿ ಕರೆಂಟು ಎಷ್ಟು ಚೆನ್ನಾಗಿ ಹರಿಯುತ್ತೋ ಬಿಸೀನೂ ಅಷ್ಟೇ ಚೆನ್ನಾಗಿ ಹರಿಯುತ್ತೆ ಅನ್ನೋ ನಿಯಮ 1853ರಿಂದ ಇದೆ. ಎಲೆಕ್ಟ್ರಾನ್‌ಗಳು ದ್ರವದ ಥರ ಹರಿದ್ರೆ ಆ ನಿಯಮ ತಪ್ಪಬಹುದು. 2025ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು (ಐಐಎಸ್‌ಸಿ), ಜಪಾನಿನವರ ಜೊತೆ ಸೇರಿ, ತುಂಬಾ ಶುದ್ಧವಾದ ಗ್ರಾಫೀನಲ್ಲಿ ಆ ಲೆಕ್ಕ 200 ಪಟ್ಟಿಗೂ ಜಾಸ್ತಿ ತಪ್ಪೋದನ್ನ ತೋರಿಸಿದ್ರು. ಅಲ್ಲಿ ಓಪನ್ ಡೇ ಮಾಡ್ತಾರೆ, ಯಾರು ಬೇಕಾದ್ರೂ ಲ್ಯಾಬ್ ಒಳಗೆ ಹೋಗಿ ನೋಡ್ಬಹುದು. ಮಗಳನ್ನ ಒಂದ್ಸಲ ಕರ್ಕೊಂಡು ಹೋಗಿ, ಈ ಪ್ರಶ್ನೆನ ಅಲ್ಲೂ ಕೇಳ್ಲಿ.